ಗುಂಡ್ಲುಪೇಟೆಯ ಸೈಟಿಗೆ ಎರಡು ಕಡೆ ತೆರಿಗೆ

ಅಂದು ಎಂದಿನಂಥದೇ ಮಂಗಳವಾರ. ನಾನು ಎಂಟನೇ ತರಗತಿಗೆ ಕೇಂದ್ರ, ರಾಜ್ಯಗಳ ಅಧಿಕಾರ ಹಂಚಿಕೆಯ ಪಾಠ ಮಾಡುತ್ತಿದ್ದೆ. ಕೋತಗಿರಿಯ ಫ್ಯಾಕ್ಟರಿಗೆ ಚಹಾ ಎಲೆ ಹಾಕಲು ಹೋದ ನಮ್ಮ ಯಜಮಾನರು ಅಲ್ಲಿಯೇ ಕುಸಿದರು, ಮತ್ತೆ ಏಳಲಿಲ್ಲ. ಗುಂಡ್ಲುಪೇಟೆಯಲ್ಲಿ ಅವರ ಹೆಸರಿನ ಸೈಟೊಂದಿತ್ತು. ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ಅದನ್ನು ಮಾರಲೇಬೇಕಾಯಿತು. ವಾಸ ತಮಿಳುನಾಡು, ಸೈಟು ಕರ್ನಾಟಕ. ಇಷ್ಟಿದ್ದರೆ ಸಾಕು, ಉಳಿದ ತಮಾಷೆಯನ್ನು ಜನರೇ ಒದಗಿಸುತ್ತಾರೆ.

ಆಡಿಟರ್

ಊಟಿಯ ಆಡಿಟರ್, "ಸೈಟು ಅಲ್ಲಿದೆ, ತೆರಿಗೆ ವಿಚಾರ ಅಲ್ಲೇ ಕೇಳಿ ಟೀಚರ್" ಎಂದರು. ಗುಂಡ್ಲುಪೇಟೆಯ ಬ್ರೋಕರ್, "ನೀವು ತಮಿಳ್ನಾಡೋರು, ಎರಡೂ ಕಡೆ ಬೀಳುತ್ತೆ" ಎಂದ. ಎರಡೂ ಕಡೆ ಕಟ್ಟಿದರೆ ಮಗಳ ಫೀಸಿಗೆ ಸಾಲುತ್ತಿರಲಿಲ್ಲ. ಸೈಟು ಮಾರಿದ ಲಾಭಕ್ಕೆ ಬೀಳುವುದು ಆದಾಯ ತೆರಿಗೆ; ಅದು ಕೇಂದ್ರದ್ದು, ಸೈಟು ಯಾವ ರಾಜ್ಯದಲ್ಲಿದ್ದರೂ ಒಂದೇ. ನನ್ನ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಉತ್ತರ ಇದು! ಮತ್ತೆ ಊಟಿಗೆ ಹೋಗಿ ಅದನ್ನೇ ವಿವರಿಸಿದೆ. ಆಡಿಟರ್ ಗಮನವಿಟ್ಟು ಕೇಳಿ, "ಸರಿಯಾಗಿದೆ" ಎಂದು ತಲೆದೂಗಿ, ಸಲಹೆಯ ಶುಲ್ಕ ಕೇಳಿದರು.

ಮಾಲೀಕರು

ನೋಂದಣಿ ಕಚೇರಿಯ ಗುಮಾಸ್ತರು, ಮಾಲೀಕರೇ ಬರಬೇಕೆಂದರು.

"ತೀರಿಹೋಗಿದ್ದಾರೆ."

"ಎಲ್ಲಿ?"

"ಕೋತಗಿರಿಯಲ್ಲಿ."

"ತಮಿಳ್ನಾಡಾ? ಹಾಗಾದ್ರೆ ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸಲಿ ಮೇಡಂ."

ತರಗತಿಯಲ್ಲಿ ಎಂದೂ ದನಿ ಏರಿಸದವಳು ಅಂದು ಏರಿಸಿದೆ. "ಕಳಿಸುವ ಹಾಗಿದ್ದರೆ ಅವರೇ ಬರುತ್ತಿದ್ದರಲ್ಲ!"

ಗುಮಾಸ್ತರು ಮುಂದೆಯೇ ಇದ್ದ ಮರಣ ಪ್ರಮಾಣಪತ್ರವನ್ನು ಆಗ ನೋಡಿ, "ಇದನ್ನ ಮೊದಲೇ ಹೇಳಬಾರದಾ?" ಎಂದು ನನ್ನನ್ನೇ ಗದರಿದರು.

ಚೆಕ್‌ಪೋಸ್ಟ್

ಅಂತೂ ನೋಂದಣಿ ಆಯಿತು, ಮಗಳ ಸೀಟು ಉಳಿಯಿತು. ಜೊತೆಗೆ ಬಂದಿದ್ದ ಮೈದುನನಿಗೆ ಮಾತ್ರ ಸಮಾಧಾನವಿಲ್ಲ. ಅವನು ತರಕಾರಿ ಲಾರಿ ಓಡಿಸುವವನು. ಗಡಿಯ ಎರಡೂ ಕಡೆ ಕಟ್ಟಿಯೇ ಅಭ್ಯಾಸ.

"ಅತ್ತಿಗೆ, ಕ್ಯಾರೆಟ್ಟಿಗೇ ಆ ಕಡೆ ಒಂದು ಚೀಟಿ, ಈ ಕಡೆ ಒಂದು ಚೀಟಿ. ಸೈಟಿಗೆ ಬಿಡ್ತಾರಾ?"

ಪಾಠವನ್ನು ಅವನಿಗೂ ಮಾಡಿದೆ. ಕೇಳಲಿಲ್ಲ. ಗಡಿ ದಾಟಿ ಮುದುಮಲೆಯ ಹತ್ತಿರ, ನೀಲಗಿರಿಯಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ಕಿನ ತಪಾಸಣೆಗೆ ಬಸ್ಸು ನಿಂತದ್ದೇ ತಡ, ಇಳಿದು ಹೋಗಿ, "ಸಾರ್, ಆ ಕಡೆದು ಮುಗೀತು. ಸೈಟು ಮಾರಿದ್ದಕ್ಕೆ ಈ ಕಡೆ ಎಷ್ಟು?" ಎಂದ. ತಪಾಸಣೆಯವನು ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ನೀರಿನ ಬಾಟಲಿ ಕಿತ್ತುಕೊಂಡು, ದಂಡ ಎಷ್ಟೆಂದು ಹೇಳಿದ.

"ಇಷ್ಟೇನಾ!" ಎಂದು ಮೈದುನ ಸಂತೋಷವಾಗಿ ಕಟ್ಟಿದ. ಕಿಟಕಿಯತ್ತ ತಿರುಗಿ, "ನೋಡಿದ್ರಾ ಅತ್ತಿಗೆ, ನಮ್ಮ ಸರ್ಕಾರವೇ ವಾಸಿ!" ಎಂದು ಕೂಗಿದ.

ಬಸ್ಸಿಡೀ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಅದು ಬಾಟಲಿಯ ದಂಡವೆಂದು ಬೈಯುವಷ್ಟರಲ್ಲಿ ಅವನು ಹತ್ತಿ ಬಂದು ರಸೀದಿಯನ್ನು ನನ್ನ ಕೈಗಿಟ್ಟ.

ಅದರಲ್ಲಿ ಬರೆಸಿದ್ದು ಅವನ ಅಣ್ಣನ ಹೆಸರು.