ಬಳಲಿಕೆ ಉಪನ್ಯಾಸಗಳಲ್ಲಿ ಸೊಸೆಯ ಪರವಾಗಿ ಅತ್ತೆಯವರು ನಿಲ್ಲುವ ಬಗ್ಗೆ

ಜನಾರೋಗ್ಯ ತಿಳಿವಳಿಕೆ ಇಲಾಖೆ
ಆನ್‌ಲೈನ್ ಉಪನ್ಯಾಸ ಶಾಖೆ, ನಾಲ್ಕನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸುತ್ತೋಲೆ ಸಂಖ್ಯೆ: ಜತಿಇ/ಆಉಶಾ/ಸುಸ್ತು/17

ವಿಷಯ: ದೀರ್ಘಕಾಲಿಕ ಬಳಲಿಕೆ ಕಾಯಿಲೆಯುಳ್ಳವರಿಗೆ ಏರ್ಪಡಿಸುವ ಆನ್‌ಲೈನ್ ಉಪನ್ಯಾಸಗಳಲ್ಲಿ ಮಲಗುವಿಕೆ, ನಿಲ್ಲುವಿಕೆ ಹಾಗೂ ಒಬ್ಬರ ಪರವಾಗಿ ಇನ್ನೊಬ್ಬರ ನಿಲ್ಲುವಿಕೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1) ‘ಲವಲವಿಕೆಯಿಂದ ಭಾಗವಹಿಸುವ ಬಗ್ಗೆ’ ಎಂಬ ಹಿಂದಿನ ಸುತ್ತೋಲೆ (ನಾಚಿಕೆಯಿಂದ ಹಿಂಪಡೆಯಲಾಗಿದೆ).
2) ಓರ್ವ ಅತ್ತೆಯವರ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ:

ಕಳೆದ ಬುಧವಾರ ಸದರಿ ಮಾಲಿಕೆಯ ಮೊದಲ ಉಪನ್ಯಾಸ ನಡೆದಿರುತ್ತದೆ. ಹೆಸರು ನೋಂದಾಯಿಸಿದವರಲ್ಲಿ ಓರ್ವ ಹೊಲಿಗೆಯಾಕೆ ಇದ್ದರು. ಒಂದು ಕಾಲಕ್ಕೆ ಇಡೀ ಬೀದಿಯ ಬಟ್ಟೆ ಹೊಲಿದುಕೊಡುತ್ತಿದ್ದ ಇವರು, ಈಗ ಒಂದು ಅಂಗಿಗೆ ಗುಂಡಿ ಹಾಕಿದರೆ ಮಾರನೆಯ ದಿನವೆಲ್ಲ ಹಾಸಿಗೆ ಹಿಡಿಯುತ್ತಾರೆ. ಇವರ ಅತ್ತೆಯವರು ಇದನ್ನು ಒಪ್ಪಿರಲಿಲ್ಲ. “ಮೈಗಳ್ಳತನಕ್ಕೆ ಉದ್ದದ ಹೆಸರಿಟ್ಟುಬಿಟ್ರೆ ಕಾಯಿಲೆ ಆಗ್ಬಿಡುತ್ತಾ?” ಎಂಬುದು ಅವರ ಲಿಖಿತವಲ್ಲದ ಅಭಿಪ್ರಾಯವಾಗಿತ್ತು. ವೈದ್ಯರ ಬಾಯಿಂದಲೇ ಒಂದು ಮಾತು ಕೇಳಿಸಿದರೆ ಮನೆಯಲ್ಲಿ ನೆಮ್ಮದಿಯಾಗಿ ಮಲಗಬಹುದೆಂಬ ಒಂದೇ ಆಸೆಯಿಂದ ಸೊಸೆಯು ಅತ್ತೆಯವರನ್ನು ಮಂಚದ ತುದಿಯಲ್ಲಿ ಕೂರಿಸಿಕೊಂಡಿದ್ದರೆಂದು ತಿಳಿದುಬಂದಿದೆ.

ಉಪನ್ಯಾಸ ನೀಡಬೇಕಿದ್ದ ವೈದ್ಯೆಗೆ ನಿಗದಿಯಾಗಿದ್ದ ಸಮಯದ ಬಹುಪಾಲನ್ನು ನಿರ್ದೇಶಕರ ಸ್ವಾಗತ ಭಾಷಣವೇ ಬಳಸಿಕೊಂಡಿತು. ಭಾಷಣ ಬೆಳೆದಂತೆಲ್ಲ ಸೊಸೆಯ ಕಣ್ಣು ಮುಚ್ಚತೊಡಗಿತು. ಅತ್ತೆಯವರು ಎದ್ದುಹೋದಾರೆಂಬ ಭಯಕ್ಕೆ ಸೊಸೆಯು ಅವರ ಸೆರಗಿನ ತುದಿ ಹಿಡಿದುಕೊಂಡಿದ್ದರು. ಕೊನೆಗೆ ಉಳಿದ ಚೂರು ಸಮಯದಲ್ಲಿ ವೈದ್ಯೆ ಹೇಳಿದ್ದು ಇಷ್ಟು: “ಇದು ಸೋಮಾರಿತನ ಅಲ್ಲ, ನಿಜವಾದ ಕಾಯಿಲೆ. ಮಲಗೆದ್ದರೂ ಈ ಸುಸ್ತು ಹೋಗಲ್ಲ. ಇವತ್ತು ಶಕ್ತಿ ಮೀರಿ ಓಡಾಡಿದ್ರೆ ನಾಳೆ ಮೈ ಸೇಡು ತೀರಿಸ್ಕೊಳ್ಳುತ್ತೆ. ದಯವಿಟ್ಟು ಬೈದು ಎಬ್ಬಿಸಬೇಡಿ.”

ಅತ್ತೆಯವರು ಸೊಸೆಯ ಕಾಲ ಮೇಲಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದ್ದು ಮಾತ್ರ ಕ್ಯಾಮೆರಾದಲ್ಲಿ ಕಂಡುಬಂದಿರುತ್ತದೆ.

ಬಳಿಕ ನಿರ್ದೇಶಕರು ವೈದ್ಯೆಯ ಗೌರವಾರ್ಥ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಲು ಸೂಚಿಸಿದರು. ಸೊಸೆಯು ಮೊಣಕೈ ಊರಿದ ಕೂಡಲೇ ಅತ್ತೆಯವರು ಅವರ ಭುಜ ಒತ್ತಿ ಮಲಗಿಸಿ, ತಾವೇ ಎದ್ದು ನಿಂತು, “ಅವಳು ಮಲಗಿರ್ಲಿ ಸ್ವಾಮಿ, ಅವಳ ಪಾಲಿಂದು ನಾನು ನಿಲ್ತೀನಿ. ಅಷ್ಟೊತ್ತು ಮಾತಾಡಿದ್ರಲ್ಲ, ನಿಮಗೆ ಸುಸ್ತೇ ಆಗಲ್ವಾ?” ಎಂದು ಆಕ್ಷೇಪಿಸಿದರು. ಒಡನೆಯೇ ಬೇರೆ ಬೇರೆ ಮನೆಗಳಲ್ಲಿ ಗಂಡಂದಿರು, ಅಕ್ಕಂದಿರು, ಪಕ್ಕದ ಮನೆಯವರು ಎದ್ದು ನಿಂತರು. ಒಂಟಿಯಾಗಿದ್ದ ಒಬ್ಬ ಗಡಿಯಾರ ರಿಪೇರಿಯವರು ಮಲಗಿದಲ್ಲಿಂದಲೇ ಗೋಡೆಗೆ ಪೊರಕೆ ಒರಗಿಸಿ ನಿಲ್ಲಿಸಿದರು. ನಿರ್ದೇಶಕರು ಕುಳಿತುಕೊಂಡರು.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಇನ್ನು ಮುಂದೆ ಉಪನ್ಯಾಸಗಳನ್ನು ಮಲಗಿಯೇ ಕೇಳತಕ್ಕದ್ದು. ಮಗ್ಗುಲಿನ ಆಯ್ಕೆ ಅವರವರಿಗೆ ಬಿಟ್ಟದ್ದು. ಗೋಡೆ ಕಡೆ ತಿರುಗಿ ಮಲಗಿದವರ ಬೆನ್ನನ್ನೇ ಮುಖವೆಂದು ಪರಿಗಣಿಸಿ ಹಾಜರಾತಿ ನೀಡತಕ್ಕದ್ದು.

2. ಗೌರವಾರ್ಥ ನಿಲ್ಲುವ ಸಂದರ್ಭದಲ್ಲಿ ಮನೆಮಂದಿಯಲ್ಲಿ ಯಾರಾದರೂ ಬದಲಿ ನಿಲ್ಲಬಹುದು. ಅತ್ತೆಯವರು ನಿಂತಾಗ ಮಾವನವರು ಕೂತಿರಬಹುದೇ ಎಂಬ ವಿವಾದದಲ್ಲಿ ಇಲಾಖೆಯು ತಲೆಹಾಕುವುದಿಲ್ಲ.

3. ಯಾರೂ ಇಲ್ಲದವರು ಪೊರಕೆ, ಕೊಡೆ ಅಥವಾ ಊರುಗೋಲನ್ನು ನಿಲ್ಲಿಸಬಹುದು. ಪೊರಕೆ ಜಾರಿ ಬಿದ್ದಲ್ಲಿ ಅದಕ್ಕೂ ಸುಸ್ತಾಗಿದೆಯೆಂದು ಭಾವಿಸಿ ಹಾಗೆಯೇ ಬಿಡತಕ್ಕದ್ದು. ಪೊರಕೆಗೆ ಪ್ರಶ್ನೆ ಕೇಳುವ ಅವಕಾಶವಿರುವುದಿಲ್ಲ.

4. ಸ್ವಾಗತ ಭಾಷಣವು ಒಂದೇ ಉಸಿರಿನಲ್ಲಿ ಮುಗಿಯತಕ್ಕದ್ದು. ದೊಡ್ಡ ಉಸಿರಿನ ಅಧಿಕಾರಿಗಳನ್ನು ಈ ಕೆಲಸಕ್ಕೆ ನಿಯೋಜಿಸತಕ್ಕದ್ದಲ್ಲ.

5. ಕೇಳುಗರ ಗೊರಕೆಯನ್ನು ಒಪ್ಪಿಗೆಯೆಂದು ತಿಳಿಯತಕ್ಕದ್ದು. ಇಲಾಖೆಯ ಕಡೆಯಿಂದ ಬಂದ ಗೊರಕೆಯನ್ನು ತಾಂತ್ರಿಕ ದೋಷವೆಂದು ದಾಖಲಿಸತಕ್ಕದ್ದು.

6. “ನಾಲ್ಕು ಹೆಜ್ಜೆ ಓಡಾಡು, ಎಲ್ಲ ಸರಿಹೋಗುತ್ತೆ” ಎನ್ನುವ ನೆಂಟರನ್ನು ಖುದ್ದು ವಿಚಾರಣೆಗಾಗಿ ಈ ಕಚೇರಿಗೆ ಕಳುಹಿಸತಕ್ಕದ್ದು. ಅವರು ಮೆಟ್ಟಿಲು ಹತ್ತಿ ಬಂದ ಮೇಲೆ, ಸಂಬಂಧಪಟ್ಟ ಅಧಿಕಾರಿ ನೆಲಮಹಡಿಯಲ್ಲಿದ್ದಾರೆಂದು ತಿಳಿಸತಕ್ಕದ್ದು.

7. ಸದರಿ ಅತ್ತೆಯವರು ಈಗ ಬೀದಿಯಲ್ಲಿ ಮನೆಮನೆಗೂ ಹೋಗಿ, “ನನ್ನ ಸೊಸೆ ಮೈಗಳ್ಳಿ ಅಲ್ಲ ಕಣ್ರೀ, ತಪ್ಪು ನಂದೇ” ಎಂದು ಆರಂಭಿಸಿ ಉಪನ್ಯಾಸ ನೀಡುತ್ತಿರುವುದಾಗಿ ವರದಿಯಾಗಿದೆ. ಇದಕ್ಕೆ ಇಲಾಖೆಯ ಪೂರ್ವಾನುಮತಿ ಪಡೆದಿರುವುದಿಲ್ಲ. ನಿಲ್ಲಿಸಲು ಕಳುಹಿಸಿದ ನಮ್ಮ ಮೇಲ್ವಿಚಾರಕರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, ದಾರಿಯಲ್ಲೇ, ವರ್ಷಗಳಿಂದ ಸುಸ್ತೆನ್ನುತ್ತಿರುವ ತಮ್ಮ ತಂಗಿಗೆ ಫೋನ್ ಮಾಡಿ, “ಏನಿಲ್ಲಮ್ಮಾ, ಏಳಬೇಡ, ಮಲಗೇ ಮಾತಾಡು” ಎಂದಿರುತ್ತಾರೆ. ಆದ್ದರಿಂದ ಈ ವಿಷಯದಲ್ಲಿ ಮುಂದಿನ ಕ್ರಮವನ್ನು ಕೈಬಿಡಲಾಗಿದೆ.

ಸಹಿ/-
ನಿರ್ದೇಶಕರು
(ಕುಳಿತು ಸಹಿ ಮಾಡಿರುತ್ತಾರೆ)

ಪ್ರತಿಗಳು:
1. ವೈದ್ಯೆಯವರಿಗೆ, ಮುಂದಿನ ಸಲ ಪೂರ್ತಿ ಸಮಯ ತಮ್ಮದೇ ಎಂಬ ಭರವಸೆಯೊಂದಿಗೆ.
2. ಹೊಲಿಗೆಯಾಕೆಗೆ, ಓದಲು ಯಾವ ಅವಸರವೂ ಇಲ್ಲವೆಂಬ ಸೂಚನೆಯೊಂದಿಗೆ.
3. ಅತ್ತೆಯವರಿಗೆ, ಸೊಸೆಗೆ ಓದಿ ಹೇಳಲು. ನಿದ್ದೆ ಹತ್ತಿದ್ದರೆ ಬೇಡ.
4. ಗಡಿಯಾರ ರಿಪೇರಿಯವರಿಗೆ, ಮುಂದಿನ ಬುಧವಾರ ಅತ್ತೆಯವರು ತಮ್ಮ ಪರವಾಗಿಯೂ ನಿಲ್ಲಲು ಒಪ್ಪಿರುವುದನ್ನು ತಿಳಿಸಿ.
5. ಮೇಲ್ವಿಚಾರಕರ ತಂಗಿಯವರಿಗೆ, ಇಷ್ಟು ವರ್ಷ ತಡವಾದುದಕ್ಕೆ ವಿಷಾದದೊಂದಿಗೆ.