ತಪ್ಪಿಲ್ಲದ ಬಸ್ಕಿ

ನನಗೆ ಸಂಶಯ ಸ್ವಲ್ಪ ಜಾಸ್ತಿ. ಹಾಲಿನವನು ನಗುನಗುತ್ತ ಹಾಲು ಹಾಕಿದರೆ ಪಾತ್ರೆಯೊಳಗೆ ಇಣುಕಿ ನೋಡುತ್ತೇನೆ. ಕೇಳದೆಯೇ ಹೆಂಡತಿ ಎರಡನೆಯ ಸಲ ಚಹಾ ತಂದಿಟ್ಟರೆ, ತವರಿನಿಂದ ಯಾರು ಬರುವವರಿದ್ದಾರೆ ಎಂದು ವಿಚಾರಿಸುತ್ತೇನೆ. ಸವಡಿ ಶಾಲೆಯ ಮಾಸ್ತರನಾದ ಇಂಥವನಿಗೆ ರೋಣದಲ್ಲಿ ಶಿಕ್ಷಕರ ತರಬೇತಿಗೆ ಬಾ ಎಂದು ಕರೆ ಬಂತು. ಮಕ್ಕಳು ದಿನವಿಡೀ ಕೂತೇ ಇರಬಾರದು, ಪಾಠದ ನಡುವೆಯೇ ಅವರ ಮೈಗೆ ಕೆಲಸ ಕೊಡಬೇಕು, ಅದು ಹೇಗೆಂದು ಹೇಳಿಕೊಡುತ್ತಾರಂತೆ. ಮಧ್ಯಾಹ್ನ ಗೋಧಿ ಹುಗ್ಗಿಯ ಊಟವೂ ಇದೆಯಂತೆ. ಹುಗ್ಗಿ ಎಂದ ಕೂಡಲೇ ನನ್ನ ಸಂಶಯ ಎದ್ದು ಕೂತಿತು.

ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ನರಗುಂದದ ಕಡೆಯ ಮಾಸ್ತರು ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. "ಸರ, ಇದರಾಗ ಏನೋ ಮಸಲತ್ತ ಐತ್ರಿ. ಗಟ್ಟಿ ಇದ್ದಾವ್ರನ್ನ ಆರಿಸಿ ಇಲೆಕ್ಷನ್ ಡ್ಯೂಟಿಗೆ ಹಾಕ್ತಾರ ನೋಡ್ರಿ" ಎಂದು ಕಿವಿಯಲ್ಲಿ ಉಸುರಿದರು. "ಮತ್ತ ಮೆತ್ತಗಿದ್ದಾವ್ರನ್ನ?" ಎಂದೆ. "ಮನಿಗೇ ಕಳಸ್ತಾರ!" ಇನ್ನೇನು ಮಾಡುವುದು? ಕೈ ಮೇಲೆತ್ತುವ ವ್ಯಾಯಾಮ ಬಂದಾಗ ಗಟ್ಟಿಯೂ ಅಲ್ಲ ಮೆತ್ತಗೂ ಅಲ್ಲ ಎಂಬಂತೆ ಇಬ್ಬರೂ ಕೈಗಳನ್ನು ಹೆಗಲವರೆಗೆ ಮಾತ್ರ ಎತ್ತಿ ನಿಲ್ಲಿಸಿದೆವು. ಕೊರಳಿಗೆ ಸೀಟಿ ಕಟ್ಟಿಕೊಂಡು ತರಬೇತಿ ಕೊಡುತ್ತಿದ್ದ ಶಿಕ್ಷಕಿ ಹತ್ತಿರ ಬಂದು, "ಸರ, ಭುಜಾ ನೋಯಾಕತ್ತಾವೇನ್ರಿ?" ಎಂದು ಕೇಳಿದರು. ಪಾಪ, ಕಾಳಜಿಯಿಂದಲೇ ಕೇಳಿದರು. ನಾನು ಮಾತ್ರ ಸಂಜೆಯ ಬಸ್ಸಿನಲ್ಲಿ ಸವಡಿಗೆ ಮರಳುವವರೆಗೂ ಆ ಪ್ರಶ್ನೆಯನ್ನು ತಿರುವಿ ಮುರುವಿ ನೋಡುತ್ತಲೇ ಇದ್ದೆ.

ಆದರೆ ಕಲಿತು ಬಂದದ್ದನ್ನು ಮಾಡಿ ತೋರಿಸಬೇಕಲ್ಲ. ಮರುದಿನ ನಾಲ್ಕನೆಯ ತರಗತಿಯಲ್ಲಿ, "ಎಲ್ಲಾರೂ ಎದ್ದು ನಿಲ್ರಿ. ಮೂರರ ಮಗ್ಗಿ ಹೇಳ್ಕೋತ ಬಸ್ಕಿ ಹೊಡೀರಿ" ಎಂದೆ. ಮಕ್ಕಳು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಾಡಿಹೋಯಿತು. ಮೊದಲ ಸಾಲಿನ ರೇಣುಕಾ, "ಸರ, ಮಾತಾಡಿದ್ದು ನಾವಲ್ಲರಿ, ಹಿಂದಿನಾವ್ರು" ಎಂದಳು. ಹಿಂದಿನಿಂದ ಮಲ್ಲೇಶಿ, "ಸರ, ಹುಣಸಿಕಾಯಿ ನಾ ಒಬ್ಬನ ಹರದಿಲ್ಲರಿ" ಎಂದ. ಇನ್ನೊಬ್ಬ ಚೀಲದಿಂದ ನನ್ನ ಬಣ್ಣದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟ. ಮಗ್ಗಿ ಮುಗಿಯುವಷ್ಟರಲ್ಲಿ ಆ ವರ್ಷದ ಕಳ್ಳತನಗಳೆಲ್ಲ ಬಯಲಾಗಿದ್ದವು. ಅವರನ್ನು ಅಂದು ಏನು ಪ್ರಯೋಜನ? ನಮ್ಮ ಶಾಲೆಗಳಲ್ಲಿ ಕಾರಣವಿಲ್ಲದೆ ಬಸ್ಕಿ ಹೊಡೆದವರು ಇಲ್ಲಿಯವರೆಗೆ ಯಾರಿದ್ದಾರೆ?

ಅದರ ಮರುದಿನ ಬೆಳಿಗ್ಗೆ ಮಲ್ಲೇಶಿಯ ತಾಯಿ ಶಾಂತವ್ವ ಬುತ್ತಿಗಂಟು ಹಿಡಿದು ತರಗತಿಯ ಬಾಗಿಲಿಗೇ ಬಂದು ನಿಂತಳು.

"ಸರ, ನನ್ನ ಮಗಾ ತೊಡಿ ನೋವು ಅಂತ ಅಳಾಕತ್ತಾನ. ಅಂಥಾದ್ದ ಏನ್ ತಪ್ಪ ಮಾಡಿದ್ನರಿ?"

"ಏನೂ ಮಾಡಿಲ್ಲ ಬೇ."

"ಹಂಗಾರ ತಪ್ಪಿಲ್ಲದ ಬಸ್ಕಿ ಹೊಡಿಸೀರಿ?"

"ಅದು ಶಿಕ್ಷಾ ಅಲ್ಲ, ವ್ಯಾಯಾಮ."

"ವ್ಯಾಯಾಮ ನಮ್ಮ ಹೊಲದಾಗ ಬೇಕಾದಷ್ಟ ಐತ್ರಿ. ನಾಳಿಂದ ಅಂವನ್ನ ಅಬ್ಬಿಗೇರಿ ಸಾಲಿಗೆ ಕಳಸ್ತೀನಿ. ನಮ್ಮ ಓಣಿಯಾವ್ರೂ ಹಂಗ ಅನ್ನಾಕತ್ತಾರ."

ಶಾಂತವ್ವನ ಓಣಿಯೆಂದರೆ ನನ್ನ ತರಗತಿಯ ಅರ್ಧ. ಅವರ ಹಿಂದೆ ಇನ್ನರ್ಧವೂ ಹೋದರೆ ಉಳಿಯುವುದು ಗೋಡೆ ಮತ್ತು ನಾನು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಮಲ್ಲೇಶಿಯನ್ನು ಬಿಟ್ಟುಕೊಡಲು ಮನಸ್ಸೂ ಇರಲಿಲ್ಲ. "ಇಲ್ಲೇ ನೋಡವಾ, ನಾನೂ ಹೊಡೀತೀನಿ. ಶಿಕ್ಷಾ ಆಗಿದ್ರ ಮಾಸ್ತರ ಹೊಡೀತಿದ್ನೇನು?" ಎಂದು ಪಂಚಾತಿಗೆ ನಿಂತವನಂತೆ ಅಂಗಿಯ ತೋಳು ಏರಿಸಿದೆ.

ಮೂರೊಂದ್ಲ ಮೂರು ಸಲೀಸಾಗಿ ಬಂತು. ಮೂರ್ ಮೂರ್ಲ ಒಂಬತ್ತಕ್ಕೆ ಮೊಣಕಾಲು ಲಟಕ್ಕೆಂದಿತು. ಮೂರೈದ್ಲ ಹದಿನೈದಕ್ಕೆ ಕೆಳಗಿಳಿದವನು ಮೇಲೇಳಲಾಗದೆ ಏದುಸಿರು ಬಿಡುತ್ತಿದ್ದಾಗ ಮಕ್ಕಳು ಯಾಕೋ ಬಾಯಿ ಮುಚ್ಚಿಕೊಂಡು ನಗುತ್ತಿರುವುದು ಕಂಡಿತು. ಆಗ ಗೊತ್ತಾಯಿತು. ನನ್ನ ಎರಡೂ ಕೈಗಳು ನನ್ನ ಎರಡೂ ಕಿವಿಗಳನ್ನು ಹಿಡಿದುಕೊಂಡಿದ್ದವು. ಯಾವಾಗ ಹೋಗಿ ಹಿಡಿದವೋ ದೇವರೇ ಬಲ್ಲ. ಚಿಕ್ಕಂದಿನಿಂದ ನಾನು ಬಲ್ಲ ಬಸ್ಕಿ ಅದೊಂದೇ.

ಶಾಂತವ್ವನ ಮುಖ ಮೆತ್ತಗಾಯಿತು. ಬುತ್ತಿಗಂಟು ಕೆಳಗಿಟ್ಟು, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಸಾಕ್ ಬಿಡ್ರಿ ಸರ. ಮನಷ್ಯಾ ಅಂದಮ್ಯಾಲ ತಪ್ಪ ಆಗ್ತಾವ. ಇಷ್ಟ ಮಾಡಿದ್ರಿ, ನನಗ ಸಮಾಧಾನಾತು. ಹುಡುಗ ಇಲ್ಲೇ ಕಲೀಲಿ." ಅದು ತಪ್ಪೊಪ್ಪಿಗೆಯಲ್ಲ ಎನ್ನಲು ಬಾಯಿ ತೆರೆದೆ. ಮಲ್ಲೇಶಿ ಆಗಲೇ ತನ್ನ ಜಾಗದಲ್ಲಿ ಕೂತು ಪಾಟಿ ತೆಗೆದಿದ್ದ. ಬಾಯಿ ಮುಚ್ಚಿದೆ.

ಸಂಜೆಗೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅವತ್ತು ಕೇಳದೆಯೇ ಚಹಾ ಬಂತು. ಕಪ್ಪು ಕೆಳಗಿಟ್ಟು ಹೆಂಡತಿ ಎದುರಿಗೇ ಕೂತಳು.

"ಖರೇ ಹೇಳ್ರಿ, ಆಕಿಗೆ ಏನ್ ಅಂದಿದ್ರಿ?"

"ಏನೂ ಅಂದಿಲ್ಲ. ಅದು ವ್ಯಾಯಾಮ."

"ಕಿವಿ ಹಿಡ್ಕೊಂಡು?"

ನಾನು ಚಹಾದ ಕಪ್ಪು ಎತ್ತಿಕೊಂಡೆ. ಈಗ ಊರಲ್ಲಿ ಎಲ್ಲರೂ ನನಗೆ ತುಸು ಹೆಚ್ಚೇ ಪ್ರೀತಿಯಿಂದ ನಮಸ್ಕಾರ ಮಾಡುತ್ತಾರೆ, ಕ್ಷಮಿಸಿದವರ ಹಾಗೆ. ತರಗತಿಯಲ್ಲಿ ಮಗ್ಗಿಯ ಬಸ್ಕಿ ಚೆನ್ನಾಗಿಯೇ ನಡೆದಿದೆ. ಸರ್ ತಾವೇ ಬಸ್ಕಿ ಹೊಡೆದ ಮೇಲೆ ಮಕ್ಕಳಿಗೆ ಅದರ ಭಯವೇ ಹೋಗಿದೆ. ತರಬೇತಿಯ ಮೇಲೆ, ಹುಗ್ಗಿಯ ಮೇಲೆ, ಸೀಟಿಯ ಶಿಕ್ಷಕಿಯ ಮೇಲೆ ನನಗೀಗ ಯಾವ ಸಂಶಯವೂ ಉಳಿದಿಲ್ಲ. ಈ ಎರಡು ಕೈಗಳ ಮೇಲಿದೆ. ಏನೂ ತಪ್ಪಿಲ್ಲದೆ ಅವು ಅಷ್ಟು ನೆಟ್ಟಗೆ ಕಿವಿಗೇ ಏಕೆ ಹೋದವು?