ಎಂಟನೇ ಕಂಬಕ್ಕೆ ಕೈ ತೊಳೆಯಿರಿ

ಕೂಲಿಯವರನ್ನು ಕರೆಯದೆ ನಾವೇ ಮಾಡಿಕೊಳ್ಳೋಣ ಎಂದು ನಾನು ಹಿಡಿದ ಯಾವ ಕೆಲಸವೂ ಓಣಿಯವರನ್ನು ನಗಿಸದೆ ಮುಗಿದಿಲ್ಲ. ಭಾಲ್ಕಿಯಲ್ಲಿ ಮಾಸ್ತರನಾಗಿದ್ದಾಗ ಬೇಲಿ ಕಿತ್ತ ಆ ವಾರವನ್ನಂತೂ ಅವರು ಇನ್ನೂ ಮರೆತಿಲ್ಲ.

ನಮ್ಮ ಅಂಗಳಕ್ಕೂ ಪಕ್ಕದ ಮನೆಯ, ಗಾರೆ ಕೆಲಸದ ಗೌಂಡಿಯ ಅಂಗಳಕ್ಕೂ ನಡುವೆ ಜಾಳಿಗೆ ತಂತಿಯ ಬೇಲಿ, ಹನ್ನೊಂದು ಕಬ್ಬಿಣದ ಕಂಬ. ಅವನ ಆಡು ನನ್ನ ಹೆಂಡತಿಯ ಕರಿಬೇವು ತಿಂದು, ಅವಳಿಗೂ ಅವನ ಹೆಂಡತಿಗೂ ಜಗಳವಾಗಿ ಮಾತು ನಿಂತಾಗ ಹಾಕಿಸಿದ್ದು. ಹಾಕಿದವನೂ ಆ ಗೌಂಡಿಯೇ. ಕಂಬ ನಿಲ್ಲಿಸುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ.

ಬರಗಾಲ ಬಂತು. ಅರ್ಧ ಓಣಿಯ ಜೊತೆ ಗೌಂಡಿಯೂ ಕೆಲಸಕ್ಕೆ ಹೈದರಾಬಾದಿಗೆ ಹೋದ. ಓಣಿಗೆ ಸಾಲುವಷ್ಟು ದೊಡ್ಡ ನೀರಿನ ಟಾಕಿ ಇದ್ದದ್ದು ಅವನ ಅಂಗಳದಲ್ಲಿ, ಆದರೆ ಅವನ ಕಡೆಯ ಸಂದಿಯಲ್ಲಿ ಟ್ಯಾಂಕರ್ ಹಿಡಿಸುತ್ತಿರಲಿಲ್ಲ. ಗೌಂಡಿಯ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಆಕೆ ಮೊಣಕಾಲು ನೋವಿನಲ್ಲಿ ರಸ್ತೆಯ ತುದಿಯಿಂದ ಕೊಡ ಹೊರುತ್ತಿದ್ದಳು. ನೋಡಲಾಗದೆ ಟ್ಯಾಂಕರಿನವನನ್ನು ಕೇಳಿದೆ.

"ನಿಮ್ಮ ಅಂಗಳದಾಗಿಂದ ದಾರಿ ಕೊಡ್ರಿ ಸರ್ರ, ಟಾಕಿ ತುಂಬಸಿ ಹೋಗ್ತೇನಿ. ಆದ್ರ ಶುಕ್ರವಾರಕ್ಕ ಬೇಲಿ ಇರಬಾರ್ದು. ಇದ್ರ ಆ ನೀರು ಬ್ಯಾರೆ ಓಣಿಗಿ ಹೋಗ್ತದ" ಎಂದ.

ಲುಂಗಿ

ತಂತಿಯ ಕಟ್ಟುಗಳನ್ನು ಪಕ್ಕಡಿನಿಂದ ಕತ್ತರಿಸಿ, ಜಾಳಿಗೆಯನ್ನು ಚಾಪೆಯಂತೆ ಸುತ್ತುತ್ತಾ ಹೋದೆ. ಕೊನೆಗೆ ಎದ್ದು ನಿಲ್ಲಲು ಆಗಲಿಲ್ಲ. ಲುಂಗಿಯೂ ಸುರುಳಿಯೊಳಗೆ ಸೇರಿಬಿಟ್ಟಿತ್ತು.

"ಸರ್ರ, ಬೇಲಿ ಸುತ್ತತೀರೋ, ನೀವೇ ಸುತ್ತಿಕೊಳ್ತೀರೋ?" ಎಂದು ಅಕ್ಕ ಆಚೆಯಿಂದ ಕೇಳಿದಳು. ಲುಂಗಿಯನ್ನು ಬೇಲಿಗೇ ಬಿಟ್ಟು ಚಡ್ಡಿಯಲ್ಲಿ ಒಳಗೆ ಓಡಿದೆ. ಆಗ ಹೊರಗೆ ನನ್ನ ವಿದ್ಯಾರ್ಥಿಗಳ ತಾಯಂದಿರು ನಾಲ್ವರಿದ್ದರು.

ದೇವಮೂಲೆ

ಕಂಬ ಕೀಳುವುದು ಹೇಗೆಂದು ಗೌಂಡಿಗೆ ಫೋನ್ ಮಾಡಿದೆ.

"ತೆಗೀಲಿಕ್ಕಂತ ಹಾಕಿಲ್ಲರಿ ಸರ್ರ!" ಎಂದ ಹೆಮ್ಮೆಯಿಂದ. "ಮಜಬೂತ ಹಾಕು ಅಂದವರು ನೀವೇ. ಈಗ ಈಶಾನ್ಯ ಮೂಲಿಯಿಂದ ಶುರು ಮಾಡ್ರಿ, ಅಲ್ಲೇನದ ಅಂದ್ರ..." ಅಷ್ಟರಲ್ಲಿ ಕಾಂಕ್ರೀಟ್ ಮಷಿನ್ನು ಗುಡುಗಿ ಮಾತು ಕೇಳದಾಯಿತು, ಫೋನೂ ಕಟ್ಟಾಯಿತು.

ನನ್ನ ಹೆಂಡತಿ ಒಪ್ಪಲಿಲ್ಲ. "ಈಶಾನ್ಯ ದೇವಮೂಲಿ ಅದ. ಮೊದಲಿಗೇ ಅಲ್ಲಿ ಹಾರಿ ಹಾಕ್ತಾರೇನ್ರಿ? ಆ ಮೂಲ್ಯಾಗಿನ ಎರಡು ಕಂಬ ಕಡೀಗಿ ಕೀಳ್ರಿ." ಬೇಲಿ ನನ್ನದಿರಬಹುದು, ದಿಕ್ಕುಗಳೆಲ್ಲ ಅವಳವೇ.

ಬೀಗರು

ಎರೆಮಣ್ಣು ಒಣಗಿ ಕಲ್ಲಾಗಿತ್ತು. ಹಾಕಿದ ಹಾರೆ ಟಣ್ ಎಂದು ವಾಪಸ್ ಬರುತ್ತಿತ್ತು. ಬುಡಕ್ಕೆ ನೀರು ಹೊಯ್ದರೆ ಸಡಿಲಾದೀತು, ಆದರೆ ನೀರಿಗಾಗಿಯೇ ಅಲ್ಲವೇ ಈ ಕೆಲಸ? ಅಕ್ಕ ಅಕ್ಕಿ ತೊಳೆದ ನೀರು ತಂದು ಮೊದಲ ಕಂಬಕ್ಕೆ ಹೊಯ್ದಳು. ಆಮೇಲೆ ಓಣಿಯ ಮನೆಮನೆಯಿಂದ ಮುಖ ತೊಳೆದದ್ದು, ಪಾತ್ರೆ ತೊಳೆದದ್ದು ಬರತೊಡಗಿತು. ಟಮ್‌ಟಮ್ ಆಟೊ ಓಡಿಸುವವನು ಜ್ಯಾಕು ತಂದ. ಕಂಬಕ್ಕೆ ಸರಪಳಿ ಬಿಗಿದು ಜ್ಯಾಕು ಎತ್ತಿದರೆ ಸಿಮೆಂಟಿನ ಗಡ್ಡೆ ಸಮೇತ ಮೇಲೆ ಬರುತ್ತಿತ್ತು. ಯಾರೂ ಕರೆಯದೆ ಬಂದವರು ಅವರೆಲ್ಲ. ನೆನೆದರೆ ಇವತ್ತಿಗೂ ಮನಸ್ಸು ತುಂಬುತ್ತದೆ.

ಆ ನಡುವೆ ಹಲಬರ್ಗಾದಿಂದ ಬೀಗರು ಬಂದರು. ಊಟ ಮುಗಿಸಿ ಎದ್ದವರಿಗೆ ನನ್ನ ಹೆಂಡತಿ ಬಹಳ ಮರ್ಯಾದೆಯಿಂದ ಹೇಳಿದಳು: "ಕೈ ಎಂಟನೇ ಕಂಬಕ್ಕ ತೊಳೀರಿ ಅಣ್ಣಾರ. ಏಳನೇದು ನಾಷ್ಟಾದಾಗೇ ಮುಗದದ."

ಬೀಗರು ತಂಬಿಗೆ ಹಿಡಿದು ಅಂಗಳಕ್ಕೆ ಇಳಿದರು. ಎಂಟನೇ ಕಂಬದ ಬುಡಕ್ಕೆ ಕೈ ತೊಳೆದರು, ಚಪ್ಪಲಿ ಬಿಟ್ಟು ಕಂಬಕ್ಕೆ ಕೈಮುಗಿದರು. "ನಿಮ್ಮನಿ ಪದ್ಧತಿ ನಮಗ ಗೊತ್ತಿರಲಿಲ್ರಿ" ಎಂದು ಕ್ಷಮೆಯನ್ನೂ ಕೇಳಿದರು.

ಶುಕ್ರವಾರ

ಒಂಬತ್ತು ಕಂಬ ಬಂದಿದ್ದವು. ಈಶಾನ್ಯದ ಎರಡು ಉಳಿದಿದ್ದವು, ಟಾಕಿ ಇದ್ದದ್ದೂ ಅವುಗಳ ಹಿಂದೆಯೇ. ಟ್ಯಾಂಕರ್ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಕೊಡ ಹಿಡಿದು ನಿಂತಿದ್ದಳು. ನಾನು ಹತ್ತನೇ ಕಂಬಕ್ಕೆ ಸರಪಳಿ ಬಿಗಿಯತೊಡಗಿದೆ.

ಅಷ್ಟರಲ್ಲಿ ಹೈದರಾಬಾದಿನ ಬಸ್ಸಿಳಿದು, ಹೆಗಲಿಗೆ ಚೀಲ ಹಾಕಿಕೊಂಡು ಗೌಂಡಿ ಬಂದ. ಚೀಲವನ್ನೂ ಇಳಿಸಲಿಲ್ಲ. ಒಂದೇ ಕೈಯಲ್ಲಿ ಹತ್ತನೇ ಕಂಬ ಎಳೆದ, ಬಂತು. ಹನ್ನೊಂದನೆಯದನ್ನು ಎಳೆದ, ಅದೂ ಬಂತು.

"ಇವೆರಡಕ್ಕ ಸಿಮೆಂಟ್ ಹಾಕಿಲ್ಲ, ಬರೇ ಉಸುಕು ತುಂಬೀನ್ರಿ ಸರ್ರ" ಎಂದ. "ಹೆಣಮಕ್ಕಳು ಎಷ್ಟು ದಿನ ಮಾತು ಬಿಡ್ತಾರ? ಒಂದಿನ ದಾರಿ ಬೇಕಾಗ್ತದಂತ ಗೊತ್ತಿತ್ತು. ಟ್ಯಾಂಕರಿಗಿ ಇಷ್ಟು ಜಾಗ ಸಾಕು. ಉಳಿದ ಒಂಬತ್ತು ಯಾಕ ಕಿತ್ತೀರಿ?"

ನನಗೆ ನಾಚಿಕೆಯೂ ಆಯಿತು, ಅವನ ಮೇಲೆ ಪ್ರೀತಿಯೂ ಉಕ್ಕಿತು. ಜಗಳದ ದಿನವೇ ರಾಜಿಗೆ ಜಾಗ ಬಿಟ್ಟ ಮನುಷ್ಯ ಅವನು. ಟಾಕಿಗೆ ನೀರು ಬೀಳುವ ಸದ್ದಿಗೆ ಅಕ್ಕ ಕೊಡ ಕೆಳಗಿಟ್ಟು ಮೊಣಕಾಲು ನೀವಿಕೊಂಡಳು.

ಇಬ್ಬರನ್ನೂ ಊಟಕ್ಕೆ ಕೂಡಿಸಿದೆವು. ಊಟವಾದ ಮೇಲೆ ಗೌಂಡಿ ಎಂಜಲು ಕೈಯಲ್ಲಿ ಅತ್ತಿತ್ತ ನೋಡಿದ.

"ಕಂಬ ಮುಗದಾವ. ಇವತ್ತಿನಿಂದ ಕರಿಬೇವಿಗಿ ತೊಳೀರಿ ಅಣ್ಣಾ" ಎಂದಳು ನನ್ನ ಹೆಂಡತಿ.

ಅವನು ಹೋಗಿ ಅಲ್ಲೇ ನಿಂತ. ನಾವೂ ಹೋಗಿ ನೋಡಿದೆವು. ಕರಿಬೇವು ಇರಲಿಲ್ಲ, ಅವನ ಆಡು ಇತ್ತು. ನನ್ನ ಕಣ್ಣು ತಾನಾಗಿಯೇ ಮೂಲೆಯಲ್ಲಿದ್ದ ತಂತಿಯ ಸುರುಳಿಯತ್ತ ಹೊರಳಿತು.

"ಬೇಲಿ ಅಂತ ಬಾಯಿ ತೆಗದ್ರ ನೋಡ್ರಿ!" ಎಂದು ನನ್ನ ಹೆಂಡತಿ ಆಡಿಗೆ ಅಡ್ಡ ನಿಂತಳು.